ಎಳ್ಳುಚುಕ್ಕೆಯ ಕಲ್ಲು

ಮಹಾನಂದಾ ಇಪ್ಪತ್ತೆರಡು ವರ್ಷ ಬಾವಿ ತೋಡುವ ಕೆಲಸದಲ್ಲೇ ಸವೆದಿದ್ದಳು. ಕಟಕೋಳದ ಹುಡುಗಿ, ಮದುವೆಯಾದ ಮರುವಾರವೇ ಬುಟ್ಟಿ ತಲೆಗೇರಿತ್ತು. ಗಂಡ ಭೀಮಶಿ ಕೆಳಗೆ ಕಲ್ಲು ಒಡೆದರೆ ಇವಳು ಹೊತ್ತು ಮೇಲೆ ತರಬೇಕು, ನಡುನಡುವೆ ತಿದಿಯೊತ್ತಿ ಮೊಂಡಾದ ಉಳಿಗಳನ್ನು ಕಾಸಿ ಚೂಪು ಮಾಡಬೇಕು.

೧೯೯೬ರ ಬೇಸಿಗೆಯಲ್ಲಿ ಕಿತ್ತೂರಿನ ಹತ್ತಿರ ನಿಜಗುಣಪ್ಪನ ಹೊಲದಲ್ಲಿ ಅವರ ಕೆಲಸ ನಡೆದಿತ್ತು. ಇಪ್ಪತ್ತೈದು ಅಡಿಯವರೆಗೆ ಪದರಗಲ್ಲು; ಹಾರೆ ಹಾಕಿದರೆ ಹಾಳೆಹಾಳೆಯಾಗಿ ಏಳುತ್ತಿತ್ತು. ಅಲ್ಲಿಂದ ಕೆಳಗೆ, ದಿನಕ್ಕೆ ಆರು ಉಳಿ ಮೊಂಡಾಗುತ್ತಿದ್ದದ್ದು ಮೂವತ್ತಕ್ಕೇರಿತು. ಮಹಾನಂದಾ ಕಲ್ಲೊಂದನ್ನು ತಿರುವಿ ನೋಡಿದಳು. ಪದರ ಮಾಯವಾಗಿತ್ತು. ಮೈತುಂಬ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ. ಮೂವತ್ತೆರಡು ಅಡಿಗೆ ಬಾವಿಯ ಒಂದು ಬದಿಯಲ್ಲಿ ಅಚ್ಚ ಕರಿಗಲ್ಲು ಓರೆಯಾಗಿ ಕಂಡಿತು. ನೀರಿನ ಸುಳಿವಿಲ್ಲ.

"ಕೈ ಸೋತಾವು ಅಂತ ತಪ್ಪು ಕಲ್ಲಿನ ಮ್ಯಾಲ ಹಾಕಾಕ ಹತ್ತೀರಿ," ಎಂದ ನಿಜಗುಣಪ್ಪ. ಭೀಮಶಿ ಮೊಂಡಾದ ಉಳಿಗಳನ್ನು ಮಹಾನಂದಾಳ ಮುಂದೆ ಸುರುವಿ ಮತ್ತೆ ಕೆಳಗಿಳಿದ.

ಅದೇ ವಾರ ಧಾರವಾಡದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ನಾಗರತ್ನಾ ಸುತ್ತಲಿನ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಓಡಾಡುತ್ತಿದ್ದಳು. ಕುಡಿಯಲು ನೀರು ಕೇಳಿ ಬಂದವಳಿಗೆ ಮಹಾನಂದಾ ಬಿಂದಿಗೆಯ ಜೊತೆ ಚುಕ್ಕೆಯ ಕಲ್ಲನ್ನೂ ಚಾಚಿದಳು.

"ಅಕ್ಕಾರ, ಇದಕ್ಕ ಏನಾಗೇತ್ರಿ? ಮ್ಯಾಲಿಂದು ಇದರಂಗ ಇಲ್ಲ."

ನಾಗರತ್ನಾ ಕಲ್ಲನ್ನು ಬಿಸಿಲಿಗೆ ಹಿಡಿದಳು, ಬಾವಿಯೊಳಗೆ ಬಗ್ಗಿ ಓರೆಯಾದ ಕರಿಗಲ್ಲನ್ನೂ ನೋಡಿದಳು. "ಎರಡೂ ಒಂದs ಕಲ್ಲವ್ವ. ಹಿಂದ ಇಲ್ಲೆ ನೆಲ ಮಡಚಿಕೊಂಡು ದೊಡ್ಡ ಗುಡ್ಡ ಎದ್ದಾಗ ಹಳೇ ಕೆಸರು ಒತ್ತಿ ಒತ್ತಿ ಪದರಗಲ್ಲಾತು. ಭಾಳ ಕಾಲದ ಮ್ಯಾಲ ಬಿರುಕಿನಾಗ ಕರಗಿದ ಬೆಂಕಿರಸ ನುಗ್ಗಿತು. ಅದs ಆರಿ ಈ ಕರೀಕಲ್ಲಾತು. ಅದರ ಕಾವಿಗೆ ಮಗ್ಗಲ ಕಲ್ಲು ಬೆಂದು, ಪದರ ಬೆಸಕೊಂಡು, ಒಳಗ ಹೊಸಾ ಹರಳು ಹುಟ್ಟ್ಯಾವ. ಈ ಚುಕ್ಕಿ ಅವs."

"ಹಂಗಾರ ಕೆಳಗ ನೀರು?"

"ಕರೀಕಲ್ಲು ನೆಲದಾಗ ಗ್ವಾಡಿಯಂಗ ಹೋಗೇತಿ. ಗುಡ್ಡದಿಂದ ಇಳಿಯೂ ನೀರು ಅದರ ಆಚೀಕಡೆ ತಡದು ನಿಂತಿರಬೌದು. ಖಾತ್ರಿ ಹೇಳಾಕ ಬರೂದಿಲ್ಲ."

ಸಂಜೆ ಮಹಾನಂದಾ ನಾಗರತ್ನಾ ಹೇಳಿದ್ದನ್ನು ತಿಳಿಸಿ, ಮೇಲಿನ ಪದರಗಲ್ಲು, ಚುಕ್ಕೆಯ ಕಲ್ಲು ಎರಡನ್ನೂ ನಿಜಗುಣಪ್ಪನ ಕಟ್ಟೆಯ ಮೇಲಿಟ್ಟಳು. "ನೀವs ಬಡದು ನೋಡ್ರಿ, ಸಾವ್ಕಾರ್ರ." ಅವನು ಬಡಿದ. ಒಂದು ಒಡೆಯಿತು. ಇನ್ನೊಂದರಿಂದ ಸುತ್ತಿಗೆ ಪುಟಿದು ಬಂತು. ಕೈ ಜುಮ್ಮೆಂದು ಕೊಡವಿಕೊಂಡ. ಮರುದಿನ ಅವನೇ ಗುಡ್ಡದ ಕಡೆ ಐವತ್ತು ಹೆಜ್ಜೆ ನಡೆದು ಹೊಸ ಗುರುತು ಹಾಕಿದ.

ಮಹಾನಂದಾ ಹಳೆಯ ಬಾವಿಯ ದಂಡೆಯಲ್ಲಿ ನಿಂತಳು. ಪಕ್ಕದಲ್ಲಿ ಮನೆಯೆತ್ತರದ ಕಲ್ಲಿನ ಗುಡ್ಡೆ. ಅದರ ಪ್ರತಿಯೊಂದು ಕಲ್ಲೂ ಅವಳ ತಲೆಯ ಮೇಲಿನಿಂದಲೇ ಬಂದಿತ್ತು. ಅಳು ಬಂದರೆ ಹಗುರಾಗಬಹುದಿತ್ತು, ಬರಲಿಲ್ಲ. ಬುಟ್ಟಿ ಹೊರಲು ಸಿಂಬಿ ಸುತ್ತಿಕೊಂಡು ಹೊಸ ಗುರುತಿನತ್ತ ನಡೆದಳು.

ಎರಡನೆಯ ಬಾವಿಗೆ ಇಪ್ಪತ್ತಾರು ಅಡಿಗೆ ಜಲ ಬಿತ್ತು. ನಿಜಗುಣಪ್ಪ ಕಾಯಿ ಒಡೆಸಿದ. ಅವನ ಹೆಂಡತಿ ಮಹಾನಂದಾಳಿಗೆ ಉಡಿ ತುಂಬಿದಳು. ಎಲ್ಲರೂ ಬಗ್ಗಿ ನೀರು ನೋಡುತ್ತಿದ್ದರೆ ಮಹಾನಂದಾ ಬೇವಿನ ನೆರಳಿನಲ್ಲಿ ಕಾಲು ಚಾಚಿದಳು.

"ಇನ್ನ ಮ್ಯಾಲ ನಾ ಬಾವಿಗೆ ಇಳಿಯೂದಿಲ್ಲ," ಎಂದಳು ಭೀಮಶಿಗೆ.

ಅವನು ಅವಳ ಮುಖ ನೋಡಿದ. "ಬ್ಯಾಡ ಬಿಡು," ಎಂದ.

ಭೀಮಶಿ ಮತ್ತೆರಡು ವರ್ಷ ಬೇರೆಯವರ ಜೊತೆ ಇಳಿದ. ಬೋರ್‌ವೆಲ್ ಗಾಡಿಗಳು ಹೆಚ್ಚಾದ ಮೇಲೆ ಅವನನ್ನೂ ಯಾರೂ ಕರೆಯಲಿಲ್ಲ. ಮಹಾನಂದಾ ತವರಿನ ಹತ್ತಿರದ ಸಾಲಹಳ್ಳಿಯ ಅಂಗನವಾಡಿಯಲ್ಲಿ ಅಡುಗೆಗೆ ಸೇರಿದಳು.