ಎಡಗಡೆ ನಿಂತಿದ್ದ ಮಗಳು

ಅವನು ನಗರದ ಬಸ್ಸಿನ ಡ್ರೈವರ್. ಡಿಪೋದಲ್ಲಿ ಎಲ್ಲರೂ ಅವನನ್ನು ‘ನಿಧಾನಣ್ಣ’ ಎಂದೇ ಕರೆಯುತ್ತಿದ್ದರು. ಹತ್ತಿದ ಮುದುಕಿ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವ ತನಕ ಅವನು ಗೇರು ಹಾಕುತ್ತಿರಲಿಲ್ಲ. ಹಿಂದಿನ ಗಾಡಿಯವರು ಬಾಯಿಗೆ ಬಂದಂತೆ ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವರಿಗೆ ಏಳು ವರ್ಷದ ಒಬ್ಬಳೇ ಮಗಳು. ಊರಿಗೆಲ್ಲ ರಜೆ ಇರುವ ದಿನವೇ ಬಸ್ಸಿಗೆ ಜನ ಹೆಚ್ಚು; ಹಾಗಾಗಿ ಮೂವರೂ ಒಟ್ಟಿಗೆ ಹೊರಗೆ ಹೋದದ್ದೇ ಕಡಿಮೆ.

ಹೇಗೋ ಒಂದು ಭಾನುವಾರ ರಜೆ ಸಿಕ್ಕಿತು. ತಿಂಡಿಯ ಡಬ್ಬಿ ಕಟ್ಟಿಕೊಂಡು ಉದ್ಯಾನಕ್ಕೆ, ಅಲ್ಲೇ ಇರುವ ವಸ್ತುಸಂಗ್ರಹಾಲಯಕ್ಕೆ ಹೊರಟರು. ಉದ್ಯಾನದ ಗೇಟು ದಾಟುವಾಗ ಅವನ ಎಡಭುಜ ಕಂಬಕ್ಕೆ ಬಡಿಯಿತು.

“ಇಷ್ಟಗಲ ಗೇಟು ಸಾಲ್ಲಿಲ್ವೇನ್ರೀ ನಿಮಗೆ? ಬಸ್ಸು ಹೇಗೆ ತೂರಿಸ್ತೀರೋ!” ಎಂದಳು ಹೆಂಡತಿ.

“ಬಸ್ಸಾದ್ರೆ ಕಣ್ಣು ಮುಚ್ಚಿಕೊಂಡು ತೂರಿಸ್ತೀನಿ.”

ಮೂವರೂ ನಕ್ಕರು.

ಹುಲ್ಲಿನ ಮೇಲೆ ಕೂತು ತಿನ್ನುತ್ತಿದ್ದಾಗ ಪಕ್ಕದಲ್ಲಿ ಆಡುತ್ತಿದ್ದವರ ಚೆಂಡು ಹಾರಿ ಬಂತು. “ಚೆಂಡು, ಚೆಂಡು!” ಎಂದು ಯಾರೋ ಕೂಗಿದರು. ತಾಯಿ ಮಗಳು ಥಟ್ಟನೆ ತಲೆ ಬಗ್ಗಿಸಿದರು. ಅವನು ಮಾತ್ರ ಅಗಿಯುತ್ತಾ ಹಾಗೇ ಕೂತಿದ್ದ. ಚೆಂಡು ಎಡಗಡೆಯಿಂದ ಬಂದು ಅವನ ಕಿವಿಗೇ ಬಿತ್ತು. ಬೀಳುವ ತನಕ ಅವನ ರೆಪ್ಪೆ ಕೂಡ ಅಲುಗಿರಲಿಲ್ಲ. ಹೆಂಡತಿಗೆ ಏನೋ ಕಸಿವಿಸಿಯಾಯಿತು. ಆದರೆ ಏನೆಂದು ಕೇಳುವುದು?

ಸಂಗ್ರಹಾಲಯದೊಳಗೆ ಮಬ್ಬು ಬೆಳಕು. ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಚಿರತೆಯೊಂದು ಹಲ್ಲು ಕಿರಿದು ನಿಂತಿತ್ತು. ಮಗಳು ಓಡಿಬಂದು ಅಪ್ಪನ ಎಡಗಡೆ ಗಾಜಿಗೆ ಕೆನ್ನೆ ಒತ್ತಿ ನಿಂತಳು. ಅವನು ಬಲಕ್ಕೆ ನೋಡಿದ, ಬಲಗಡೆಯಿಂದಲೇ ತಿರುಗಿ ಹಿಂದಕ್ಕೂ ನೋಡಿದ.

“ಪುಟ್ಟೀ!”

ಅಪ್ಪ ಆಟವಾಡುತ್ತಿದ್ದಾನೆಂದುಕೊಂಡು ಮಗಳು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು.

“ಲೇ, ಮಗು ಎಲ್ಲಿ? ಮಗು ಕಾಣಿಸ್ತಿಲ್ಲ!” ಅವನ ಹಣೆ ಬೆವರಿತ್ತು.

ನಗಲು ಹೊರಟ ಹೆಂಡತಿ ಅವನ ಮುಖ ನೋಡಿ ತಡೆದಳು. ಆಟವಾಡುವವರ ಮುಖ ಹಾಗಿರುವುದಿಲ್ಲ.

“ಅಪ್ಪಾ, ಇಲ್ಲೇ ಇದೀನಿ!” ಎಂದು ಮಗಳು ಅಂಗಿ ಜಗ್ಗಿದಾಗ ಅವನು ಬೆಚ್ಚಿಬಿದ್ದ.

ಮಗಳು ಹಳೆಯ ಕುದುರೆಗಾಡಿಯ ಕಡೆಗೆ ಹೋದ ಮೇಲೆ ಹೆಂಡತಿ ಅವನ ಎಡಗಡೆ ಬಂದು ಕೈ ಎತ್ತಿ ಹಿಡಿದಳು. “ಕತ್ತು ತಿರುಗಿಸ್ಬೇಡಿ. ಚಿರತೆ ನೋಡ್ತಾ ಇರಿ. ನನ್ನ ಕೈ ಕಾಣುತ್ತಾ?”

“ಯಾವ ಕೈ?”

ಅವಳು ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದಳು. ಹೆಚ್ಚುಕಡಿಮೆ ಅವನ ಮೂಗಿನ ಮುಂದೆ ಬಂದ ಮೇಲೆಯೇ “ಹಾಂ, ಬಂತು” ಎಂದ.

“ಬಸ್ಸಿನ ಬಾಗಿಲು ಯಾವ ಕಡೆ ಇರೋದು?” ಎಂದು ಕೇಳಿದಳು.

ಅವನು ಗೋಡೆ ಬದಿಯ ಬೆಂಚಿನ ಮೇಲೆ ಕುಸಿದು ಕೂತ.

“ಕೆಲವು ತಿಂಗಳಿಂದ ಹೀಗೇ,” ಎಂದ. “ವಯಸ್ಸಾಯ್ತೇನೋ ಅಂದ್ಕೊಂಡೆ. ಕತ್ತು ತಿರುಗಿಸಿ ತಿರುಗಿಸಿ ಓಡಿಸ್ತಿದ್ದೆ. ಮೊನ್ನೆ ಸ್ಕೂಲ್ ಹತ್ರ ಕಂಡಕ್ಟರ್ ಕಿರುಚಿದ, ಬ್ರೇಕ್ ಹಾಕ್ದೆ. ಇಳಿದು ನೋಡಿದ್ರೆ ಮುಂದಿನ ಚಕ್ರಕ್ಕೆ ಅಂಟಿಕೊಂಡ ಹಾಗೆ ಒಂದು ಮಗು ನಿಂತಿತ್ತು. ನಮ್ಮ ಪುಟ್ಟಿಯಷ್ಟೇ. ಎಲ್ಲಿಂದ ಬಂತೋ ನಂಗೆ ಗೊತ್ತೇ ಆಗ್ಲಿಲ್ಲ.”

“ಯಾಕ್ರೀ ಬಾಯಿ ಬಿಡ್ಲಿಲ್ಲ?”

“ಬಿಟ್ರೆ ಸ್ಟೇರಿಂಗೂ ಬಿಡ್ಬೇಕಾಗುತ್ತೆ. ನಂಗೆ ಬೇರೆ ಏನು ಬರುತ್ತೆ ಹೇಳು?”

“ನಾಳೆ ಬೆಳಿಗ್ಗೆ ಅದೇ ಸ್ಕೂಲ್ ಮುಂದೆ ಹೋಗ್ತೀರಾ?”

ಅವನು ಎದುರಿಗೇ ನೋಡುತ್ತಾ ಕೂತಿದ್ದ. ಕುದುರೆಗಾಡಿಯ ಹತ್ತಿರ ಮಗಳು ಕುಣಿಯುತ್ತಿದ್ದಳು. ಒಂದು ಹೆಜ್ಜೆ ಎಡಕ್ಕೆ ಹೋದಳೋ ಇಲ್ಲವೋ, ಅವನ ಪಾಲಿಗೆ ಇಲ್ಲವಾದಳು. ಮತ್ತೆ ಬಂದಳು. ಮತ್ತೆ ಇಲ್ಲ. ಅವನು ಮೊಬೈಲು ತೆಗೆದ. ಅಲ್ಲಿಂದಲೇ ಡಿಪೋದ ಮೇಲ್ವಿಚಾರಕರಿಗೆ ಫೋನು ಮಾಡಿದ. ನೆಗಡಿ, ಜ್ವರ ಎಂದು ನೆಪ ಹೇಳಲಿಲ್ಲ. “ಸಾರ್, ನಂಗೆ ಎಡಪಕ್ಕ ಕಾಣಿಸ್ತಿಲ್ಲ. ನಾಳೆಯಿಂದ ನನಗೆ ಬಸ್ಸು ಕೊಡ್ಬೇಡಿ,” ಎಂದ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ನರ ಒಣಗುತ್ತಿದೆ ಎಂದರು. ಹೋದ ದೃಷ್ಟಿ ವಾಪಸು ಬರುವುದಿಲ್ಲ; ದಿನವೂ ಔಷಧಿಯ ಹನಿ ಬಿಟ್ಟರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಡಿಪೋದವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ, ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಿಸಿದರು. ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಈಗ ಅವನೇ ಕೂಗುತ್ತಾನೆ. ಮೊದಮೊದಲು ಹೊರಗೆ ಎಂಜಿನ್ ಸದ್ದಾದಾಗಲೆಲ್ಲ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತಂತೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡನೆಯ ಸಲ ತೋರಿಸಲು ಹೋದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು: “ನಿಮಗೆ ಮಕ್ಕಳಿದ್ದಾರಾ? ಇದು ರಕ್ತದಲ್ಲಿ ಇಳಿದು ಬರೋದುಂಟು. ಒಂದ್ಸಲ ಕರಕೊಂಡು ಬನ್ನಿ.”

“ಒಬ್ಬಳು ಮಗಳಿದ್ದಾಳೆ,” ಎಂದಳು ಹೆಂಡತಿ.

ಮರುವಾರ ಮಗಳು ಯಂತ್ರದ ಮೇಲೆ ಗಲ್ಲವಿಟ್ಟು, ಕಾಲು ಅಲ್ಲಾಡಿಸುತ್ತಾ ಕೂತಳು. ಡಾಕ್ಟರು ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಅವಳ ಅಪ್ಪ ಡಾಕ್ಟರ ಬೆನ್ನನ್ನೇ ನೋಡುತ್ತಿದ್ದ.

“ಸದ್ಯಕ್ಕೆ ಏನೂ ಇಲ್ಲ,” ಎಂದರು ಡಾಕ್ಟರು. “ಆದ್ರೆ ವರ್ಷ ವರ್ಷ ತೋರಿಸ್ತಾ ಇರಿ. ಮರೀಬೇಡಿ.”

“ಏನೂ ಇಲ್ವಂತೆ!” ಎಂದು ಮಗಳು ಮೆಟ್ಟಿಲು ಹಾರುತ್ತಾ ಇಳಿದಳು. ಅವಳ ಹಿಂದೆ ಅವರಿಬ್ಬರೂ ಮುಂದಿನ ವರ್ಷದ ಲೆಕ್ಕ ಹಾಕುತ್ತಾ ಇಳಿದರು.