ಎಲಿಶೆಬಾ ಬಾಯಿ ಬಿಟ್ಟ ದಿನ

ಎಲಿಶೆಬಾ ಅಂದ್ರೆ ನಮ್ಮಜ್ಜಿಯ ಅಕ್ಕ, ಭಾಯಖಳಾದ ಇದೇ ಸಾಲುಮನೆ ಚಾಳಲ್ಲಿ ಹುಟ್ಟಿದವಳು, ಮೂಕಿ ಸಿನಿಮಾಗಳ ಹೀರೋಯಿನ್ನು, ಅದೂ ಒಂದಲ್ಲ ಎರಡಲ್ಲ, ಎಂಟು ವರ್ಷ. ಪರದೆ ಮೇಲೆ ಮಿಸ್ ಮೃಣಾಲ, ಮನೇಲಿ ಎಲ್ಲು. ಒಂದು ಕಡೆ ನಿಲ್ಲೋ ಜೀವವೇ ಅಲ್ಲ. ಅನ್ನಕ್ಕಿಟ್ಟು ಮನೆಗಳ ಮುಂದಿನ ಉದ್ದ ಗ್ಯಾಲರಿಗೆ, ಗ್ಯಾಲರಿಯಿಂದ ನಲ್ಲಿ ಹತ್ರ, ಅಲ್ಲಿಂದ ಯಾರದೋ ಮನೆ ಜಗಳಕ್ಕೆ. "ಇವಳ ಕಾಲಿಗೆ ಚಕ್ರ, ಬಾಯಿಗೆ ಬೀಗ ಇಲ್ಲ" ಅಂತ ಅವಳಮ್ಮ ಹನ್ನಾಬಾಯಿ ಗೊಣಗ್ತಿದ್ಲಂತೆ.

ದಾದರಿನ ಸ್ಟುಡಿಯೋದಲ್ಲಿ ಬಿಸಿಲಿದ್ದಷ್ಟು ಹೊತ್ತು ಶೂಟಿಂಗು. ಕ್ಯಾಮೆರಾ ಮುಂದೆ ಏನಂದ್ರೂ ಕೇಳೋರು ಯಾರು? ಪರದೆ ಮೇಲೆ 'ಮಹಾರಾಜ, ನನ್ನ ಕಂದನನ್ನು ಉಳಿಸಿ' ಅಂತ ಅಕ್ಷರ ಬರುತ್ತೆ, ಇವಳು ನಿಜವಾಗಿ ಅಂದಿರೋದು, "ಈ ಶೇಟ್ ಕೊಡೋ ಚಹಾಕ್ಕಿಂತ ಪಾತ್ರೆ ತೊಳೆದ ನೀರು ವಾಸಿ." ತಾನು ಯಾರನ್ನಾದ್ರೂ ಬೈದ್ರೇನೇ ಅವಳಿಗೆ ಅಳು ಬರೋದು, ಅದೇನು ಮಾಯೆಯೋ. ಥಿಯೇಟರಲ್ಲಿ ಜನ ಮೂಗು ಒರೆಸ್ಕೊಳ್ತಿದ್ರು. ಸ್ಟುಡಿಯೋ ಮಾಲೀಕ ವಾಡೀಲಾಲ್ ಶೇಟ್ ದೂರದಲ್ಲಿ ಛತ್ರಿ ಕೆಳಗೆ ಕೂತು, "ವಾ, ಏನು ದುಃಖ" ಅಂತ ತಲೆದೂಗ್ತಿದ್ದ.

ಆಮೇಲೆ ಮಾತಾಡೋ ಸಿನಿಮಾ, ಟಾಕಿ ಬಂತು ನೋಡಿ. ಗುರುವಾರ ಎಲ್ಲರಿಗೂ ದನಿ ಪರೀಕ್ಷೆ, ಪಾಸಾದವರಿಗಷ್ಟೇ ಕೆಲಸ. ಎಲಿಶೆಬಾಗೆ ಇಪ್ಪತ್ತೆಂಟು, ಬೇರೆ ವಿದ್ಯೆ ಬರಲ್ಲ, ಇದು ಹೋದ್ರೆ ಅಣ್ಣನ ಮನೇಲಿ ರೊಟ್ಟಿ ತಟ್ಕೊಂಡು ಬಿದ್ದಿರ್ಬೇಕು. ವಾರವಿಡೀ ಗ್ಯಾಲರಿ ಈ ತುದಿಯಿಂದ ಆ ತುದಿ, "ಜಹಾಂಪನಾ, ನನ್ನ ತಪ್ಪೇನು?" ಅಂತ ಪರೀಕ್ಷೆಗೆ ಕೊಟ್ಟಿದ್ದ ಅದೊಂದೇ ಮಾತು. ಪಕ್ಕದ ಮನೆ ರಿವ್ಕಾ ಕೊನೆಗೆ ತಲೆ ಹೊರಗೆ ಹಾಕಿ, "ಏ ಎಲ್ಲು, ನಿನ್ನ ಜಹಾಂಪನಾ ನಲ್ಲಿ ಹತ್ರ ಸ್ನಾನ ಮಾಡ್ತಿದ್ದಾನೆ, ತಡಿ ಸ್ವಲ್ಪ" ಅಂದ್ಲಂತೆ.

ಗುರುವಾರ ಕ್ಯಾಮೆರಾ ತಿರುಗ್ತು. ಇವಳು ಮಂಡಿಯೂರಿದ್ಲು, ಕಣ್ಣು ತುಂಬ್ಕೊಂಡ್ಲು, ಬಾಯಿ ಬಿಟ್ಲು, ಎಂಟು ವರ್ಷದ ಚಾಳಿ ಎಲ್ಲಿ ಹೋಗುತ್ತೆ, ಬಂದಿದ್ದು ಜಹಾಂಪನಾ ಅಲ್ಲ. ಅರ್ಧಕ್ಕೆ ನೆನಪಾಗಿ ನಾಲಿಗೆ ಕಚ್ಕೊಂಡು ಸರಿಯಾದ ಮಾತು ಒಪ್ಪಿಸಿದ್ಲು, ಆದ್ರೆ ಯಂತ್ರಕ್ಕೆ ಮರೆವು ಎಲ್ಲಿಂದ ಬರ್ಬೇಕು.

ಶುಕ್ರವಾರ ಎಲ್ಲರನ್ನೂ ಕೂರಿಸಿ ಕೇಳಿಸಿದ್ರು. ನಮ್ಮ ಕೊಂಕಣದ ಮರಾಠಿಯಲ್ಲಿ, ಗಂಟೆ ಬಾರಿಸಿದ ಹಾಗೆ: "ಈ ವಾಡೀಲಾಲನ ಹೊಟ್ಟೆ ನೋಡು, ನಗಾರಿ. ನಮಗೆ ಮಾತ್ರ ಬೆಳಿಗ್ಗೆಯಿಂದ ಒಂದು ತುಂಡು ಪಾವ್‌ಗೂ ಗತಿಯಿಲ್ಲ." ಹಿಂದೆಯೇ ಮಗ್ಗಿ ಒಪ್ಪಿಸೋ ದನಿಯಲ್ಲಿ ಜಹಾಂಪನಾ.

ಶೇಟ್ ಕುರ್ಚಿ ತಿರುಗಿಸಿ ಇವಳ ಕಡೆ ಮುಖ ಮಾಡಿದ.

"ಎಂಟು ವರ್ಷ ಇದನ್ನೇ ಹೇಳ್ತಿದ್ಯಾ, ಮೃಣಾಲಬಾಯಿ?" ಅಂದ ಶೇಟ್.

"ದಿನಾ ಇದೇ ಅಲ್ಲ ಶೇಟ್‌ಜೀ. ಒಂದೊಂದು ದಿನ ಮೀಸೆ ಬಗ್ಗೆ."

ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕಂದ್ರು. ಶೇಟ್ ನಗಲಿಲ್ಲ. "ಜಹಾಂಪನಾ ಅಂದಾಗ ನೀನು ಕಟ್ಟಿಗೆ. ಬೈದಾಗ ಜೀವ ಇದೆ. ಹೀರೋಯಿನ್ ಆಗಲ್ಲ. ಸೊಸೇನ ಗೋಳು ಹೊಯ್ಕೊಳ್ಳೋ ಅತ್ತೆ ಪಾರ್ಟು ಇದೆ. ನಾಳೆ ಮಧ್ಯಾಹ್ನದೊಳಗೆ ಬಂದು ಹೇಳು, ಬೇರೆಯವರು ಕಾದಿದ್ದಾರೆ."

ಒಂದ್ಸಲ ಅತ್ತೆ ಆದ್ರೆ ಮತ್ತೆ ಹೀರೋಯಿನ್ ಆಗೋ ಮಾತೇ ಇಲ್ಲ, ಅದು ಅವಳಿಗೂ ಗೊತ್ತು. ಬೇಡ ಅಂದ್ರೆ ರೊಟ್ಟಿ. ಅದರ ಮೇಲೆ ನಾಳೆ ಶನಿವಾರ. ನಾವು ಯಹೂದಿಗಳು, ಶನಿವಾರ ನಮಗೆ ಸಬ್ಬತ್, ದೇವರ ದಿನ, ಒಲೆ ಹಚ್ಚಲ್ಲ, ಟ್ರಾಮ್ ಹತ್ತಲ್ಲ, ಪೆನ್ನು ಮುಟ್ಟಲ್ಲ.

ಬೆಳಿಗ್ಗೆ ಎದ್ದವಳು ಕೂರಲೇ ಇಲ್ಲ.

"ಕೂತ್ಕೋ ಮಾರಾಯ್ತಿ, ನೆಲ ಸವೆಯುತ್ತೆ" ಅಂದ್ಲು ಹನ್ನಾಬಾಯಿ.

"ಅಮ್ಮಾ, ಅತ್ತೆ ಆಗ್ಲಾ?"

"ಮದ್ವೇನೇ ಆಗಿಲ್ಲ, ನೇರ ಅತ್ತೇನಾ?"

ಎಲಿಶೆಬಾ ಚಪ್ಪಲಿ ಮೆಟ್ಕೊಂಡು ನಡೆದೇ ಹೊರಟ್ಲು. ಲಾಲ್‌ಬಾಗ್ ಹತ್ರ ಬೇಡ ಅನ್ನಿಸ್ತು, ಪರೇಲಲ್ಲಿ ಸರಿ ಅನ್ನಿಸ್ತು, ಮತ್ತೆ ಬೇಡ, ಒಂದ್ಸಲ ವಾಪಸ್ಸೂ ತಿರುಗಿದ್ಲು. ದಾದರ್ ಮುಟ್ಟೋವಾಗ ಬೆನ್ನೆಲ್ಲ ಬೆವರು, ಹನ್ನೆರಡಾಗೋಕೆ ಹತ್ತು ನಿಮಿಷ. ಶೇಟ್ ಸಹಿ ಹಾಕು ಅಂತ ಕರಾರಿನ ಕಾಗದ ಮುಂದೆ ತಳ್ಳಿದ.

"ಇವತ್ತು ನಾನು ಬರೆಯೋ ಹಾಗಿಲ್ಲ ಶೇಟ್‌ಜೀ. ಅತ್ತೆ ಪಾರ್ಟು ಮಾಡ್ತೀನಿ. ಬಾಯಿಮಾತು ಸಾಕಲ್ವಾ?"

"ಬಾಯಿಮಾತಾ? ಅದೂ ನಿನ್ನದಾ?"

"ಮತ್ತೆ ಬೈಗುಳ ಬೇರೆಯವರು ಬರೆದು ಕೊಡ್ಬಾರ್ದು. ನಾನೇ ಹೇಳ್ಕೊಳ್ತೀನಿ."

ಶೇಟ್ ಕಾಗದ ಮಡಚಿ ಜೇಬಿಗಿಟ್ಕೊಂಡ. "ಸೋಮವಾರ ಬಾ, ಬಿಳಿ ಕೂದಲಿಗೆ ಅಳತೆ ತಗೋಬೇಕು."

"ಭಾನುವಾರಾನೇ ಬರ್ತೀನಿ."

ನೀರು ಕೂಡ ಕುಡೀದೆ ಬಂದ ದಾರೀಲೇ ವಾಪಸ್ಸು ಹೊರಟ್ಲಂತೆ. ಸಿಕ್ಕಿದ ದೀಪದ ಕಂಬವನ್ನೆಲ್ಲ ಸೊಸೆ ಅಂದ್ಕೊಂಡು ಜೋರಾಗಿ ಬೈತಾ, ಒಂದು ಬೈಗುಳ ಸಪ್ಪೆ ಅನ್ನಿಸಿದ್ರೆ ಮುಂದಿನ ಕಂಬಕ್ಕೆ ಅದನ್ನೇ ತಿದ್ದಿ ಬೈತಾ. ಪರೇಲಲ್ಲಿ ಒಬ್ಬಳು ಮೀನಿನವಳು ಬುಟ್ಟಿ ಇಳಿಸಿ ನಿಂತು ಪೂರ್ತಿ ಕೇಳಿಸ್ಕೊಂಡು, "ಅಯ್ಯೋ ಪಾಪ, ಯಾರಮ್ಮಾ ನಿನ್ನ ಮನೆಗೆ ಬಂದಿರೋ ಆ ಹುಡುಗಿ?" ಅಂತ ಕೇಳಿದ್ಲಂತೆ.