ಉಳವಪ್ಪನ ತಣ್ಣನೆಯ ಸೂಜಿ

ಖಾನಾಪುರದ ಮಂದಿಗೆ ಡಾಕ್ಟರ ಔಷಧಕ್ಕಿಂತ ಕಂಪೌಂಡರ್ ಉಳವಪ್ಪನ ಕೈಗುಣದ ಮೇಲೆ ಹೆಚ್ಚು ನಂಬಿಕೆ. ಎಪ್ಪತ್ತರ ದಶಕದ ಮಾತಿದು. ಡಾಕ್ಟರ್ ಮಾರ್ತಾಂಡರಾವ್ ಬೆಳಗಾವಿಯ ಖಾಸಬಾಗದಿಂದ ಮುಂಜಾನೆ ಬಸ್ಸಿಗೆ ಬಂದು, ರೋಗಿಗಳನ್ನು ನೋಡಿ, ಚೀಟಿ ಬರೆದು ಹೋಗುವರು. ಸೂಜಿ ಚುಚ್ಚುವವನು ಉಳವಪ್ಪ. ಗಾಜಿನ ಸಿರಿಂಜು ಕುದಿಸುವುದರಲ್ಲಿ ಅವನು ಮಹಾ ಮಡಿವಂತ. ಸ್ಟೋವಿನ ಮೇಲೆ ನೀರು ಚೆನ್ನಾಗಿ ಕೊತಕೊತ ಕುದಿಯುವ ತನಕ, ಊರ ಗೌಡ ಬಂದು ಗಡಿಬಿಡಿ ಮಾಡಿದರೂ ಮುಚ್ಚಳ ತೆಗೆಯುತ್ತಿರಲಿಲ್ಲ.

ಆದರೆ ಮನಸ್ಸು ಮೆತ್ತಗೆ. ಬಿಸಿ ಸೂಜಿಗೆ ಹೆಂಗಸರು ಚೀರಿದರೆ ಅವನಿಗೇ ಸಂಕಟ. ಅದಕ್ಕೇ ಡಾಕ್ಟರು ಹೋದ ಮೇಲೆ, ಕುದಿಸಿದ ಸಿರಿಂಜನ್ನು ಕುಡಿಯುವ ನೀರಿನ ಬಟ್ಟಲಲ್ಲಿ ಅದ್ದಿ ತಣ್ಣಗೆ ಮಾಡಿ ಚುಚ್ಚುತ್ತಿದ್ದ. "ಉಳವಪ್ಪ ಚುಚ್ಚಿದ್ದ ಗೊತ್ತಾಗೂದಿಲ್ಲ ನೋಡ್ರಿ" ಎಂದು ಮಂದಿ ಹೊಗಳಿದರೆ ಉಬ್ಬಿಹೋಗುತ್ತಿದ್ದ.

ಬಾಜು ಓಣಿಯ ಚಂದ್ರವ್ವನಿಗೆ ಜ್ವರಕ್ಕೆಂದು ಚುಚ್ಚಿದ ಜಾಗ ಬಾತು ಕೀವು ತುಂಬಿತು. ಕೂರಲಾರದೆ ಮಲಗಲಾರದೆ ಒದ್ದಾಡಿದಳು. ಅವಳನ್ನು ಬೆಳಗಾವಿಗೆ ಕರೆದೊಯ್ದವನೂ ಉಳವಪ್ಪನೇ. ಮಾರ್ತಾಂಡರಾಯರು ಕುರು ಕೊಯ್ದು, ಹೊರಗೆ ಬಂದು ಕೈ ತೊಳೆಯುತ್ತ ಉಳವಪ್ಪನನ್ನು ಕೇಳಿದರು:

"ಸಿರಿಂಜ್ ಕುದಿಸಿದ್ದಿಲ್ಲೋ?"

"ಖರೇ ಹೇಳ್ತೀನ್ರಿ ಸಾಹೇಬ್ರ, ಚಲೋತ್ನಾಗ ಕುದಿಸಿದ್ನಿ."

"ಆಮ್ಯಾಲೆ?"

"ಆಮ್ಯಾಲೆ... ಆರಲಿ ಅಂತ ಕುಡಿಯೂ ನೀರಾಗ ಅದ್ದಿದ್ನಿರಿ."

ರಾಯರು ತಲೆ ಹಿಡಿದುಕೊಂಡರು. "ಹಸಿ ನೀರಾಗ ಅದ್ದಿದ ಮ್ಯಾಲೆ ಕುದಿಸಿ ಏನ್ ಬಂತೋ ಮಾರಾಯಾ? ಆಕಿ ಮುಂದ ಏನೂ ಹೇಳಬ್ಯಾಡ. ದವಾಖಾನಿ ಹೆಸರು ಕೆಡ್ತದ."

ಅಂದಿನಿಂದ ಉಳವಪ್ಪನಿಗೆ ಅದೇ ಚಿಂತೆ. ಹೊಗಳಿಕೆಯ ಚಪಲಕ್ಕೆ ಎಷ್ಟು ಜನರ ಮೈಗೆ ಹೊಲಸು ಚುಚ್ಚಿದೆನೋ ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದ. ಗಾಯ ನೋಡಲು ಹೋದಾಗ ಚಂದ್ರವ್ವ, "ನನ್ನ ಹಣೇಬಾರಪಾ. ನಿನ್ನ ಕೈಗುಣ ಬಂಗಾರ" ಎಂದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಇನ್ನು ಮುಚ್ಚಿಡಲಾಗಲಿಲ್ಲ.

"ಹಣೇಬಾರ ಅಲ್ಲಕ್ಕಾ, ನನ್ನ ತಪ್ಪು" ಎಂದು ಎಲ್ಲವನ್ನೂ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದ.

"ಬಿಡೋ ತಮ್ಮಾ. ನಮಗ ತ್ರಾಸ ಆಗಬಾರದು ಅಂತ ಮಾಡಿದಿ. ಬ್ಯಾರೇದವ್ರು ಇದನ್ನ ಬಾಯಿಬಿಟ್ಟು ಹೇಳ್ತಿದ್ರೇನು?"

ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ಪ್ರಾಮಾಣಿಕ ಮನುಷ್ಯ ಇಲ್ಲವೆಂದು ಓಣಿ ತುಂಬ ಡಂಗುರ ಹೊಡೆದಳು. ದವಾಖಾನೆಯಲ್ಲಿ ಮಂದಿ ಇನ್ನೂ ಹೆಚ್ಚಿತು. ಉಳವಪ್ಪ ಈಗ ಸಿರಿಂಜನ್ನು ಮುಚ್ಚಿದ ಡಬ್ಬಿಯಲ್ಲೇ ಆರಲು ಬಿಡುತ್ತಿದ್ದ. ತಡವಾಯಿತೆಂದು ಗೊಣಗಿದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಮಳೆಗಾಲದಲ್ಲಿ ಚಂದ್ರವ್ವನಿಗೆ ಮತ್ತೆ ಜ್ವರ ಬಂತು. ಬೇರೆ ದವಾಖಾನೆಗೆ ಹೋಗಕ್ಕಾ ಎಂದು ಅವನು ಅಂಗಲಾಚಿದರೂ ಕೇಳಲಿಲ್ಲ. ಗಾಯದ ಕಲೆ ಇನ್ನೂ ಎಳೆಯುತ್ತಿದ್ದರಿಂದ ಹಲಗೆಯ ಮೇಲೆ ನಿಧಾನ ಮಗ್ಗುಲಾಗಿ, ಸೀರೆ ಸರಿಸಿಕೊಂಡಳು.

"ಈ ಬಾಜು ಹಾಕಪಾ" ಎಂದಳು. "ಇದು ಚಲೋ ಐತಿ."

ಉಳವಪ್ಪನಿಗೆ ಸಿರಿಂಜು ಎತ್ತಲು ಕೈ ಬರಲಿಲ್ಲ.